ಅಂತರ್ಜಾಲದ ಅಂಗಡಿಗೆ ಹುರುಳುಳ್ಳ ಪುಟ ಬೇಕು



ನಮ್ಮ ಬೆಳೆಗಾರರಲ್ಲಿ ಕೆಲವರು ತಮ್ಮ ತೋಟದ ಕಾಫಿಯನ್ನು ತಾವೇ ಹುರಿಸಿ, ಪುಡಿ ಮಾಡಿಸಿ, ಪೊಟ್ಟಣ ಕಟ್ಟಿ, ಅಂತರ್ಜಾಲದ ಮೂಲಕ ಬೆಂಗಳೂರಿನ ಮನೆಗಳಿಗೆ ನೇರವಾಗಿ ಮಾರಲು ಮೊದಲುಮಾಡಿ ಕೆಲವು ವರ್ಷಗಳಾದವು. ಕಾಫಿಯ ಜೊತೆಗೆ ಕಾಳುಮೆಣಸು, ಏಲಕ್ಕಿ, ಜೇನು, ಅಡಿಕೆ, ಹಾಳೆ ತಟ್ಟೆಗಳೂ ಇಂಥ ಅಂಗಡಿಗಳಿಗೆ ಬಂದು ಸೇರಿವೆ. ಇದು ಸ್ವಾಗತಾರ್ಹವಾದ ಸಂಗತಿ. ಆದರೆ ಅಂಗಡಿ ತೆರೆದವರಲ್ಲಿ ಬಹುಮಂದಿಯ ದೂರು ಒಂದೇ: ಅಂಗಡಿಯೇನೋ ಇದೆ, ಗೂಗಲ್‌ನಲ್ಲಿ ಹುಡುಕಿದರೆ ಕಾಣುವುದಿಲ್ಲ. ಈ ದೂರನ್ನೇ ಬಂಡವಾಳ ಮಾಡಿಕೊಂಡು, "ನಿಮ್ಮನ್ನು ಮೊದಲನೆಯ ಸ್ಥಾನಕ್ಕೆ ತಂದು ನಿಲ್ಲಿಸುತ್ತೇವೆ" ಎಂದು ಹೇಳಿಕೊಂಡು ತಿರುಗುವವರೂ ಹುಟ್ಟಿಕೊಂಡಿದ್ದಾರೆ. ಈ ವಿದ್ಯೆಗೆ ಎಸ್‌ಇಒ ಎಂದು ಹೆಸರು.

ಅಂಥದೊಂದು ಯೋಜನೆ ಈಚೆಗೆ ನಮ್ಮ ಸಂಘದ ಮುಂದೆಯೂ ಬಂದಿದೆ. ಅದರ ಸಾರಾಂಶವಿಷ್ಟು. ಸಂಘದ ಮಳಿಗೆಯಲ್ಲಿರುವ ಎಂಟು ಸರಕುಗಳಿಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಈ ನಾಲ್ಕು ಬಡಾವಣೆಗಳ ಹೆಸರಿನಲ್ಲಿ ಬೇರೆ ಬೇರೆ ಪುಟ. ಒಟ್ಟು 32 ಪುಟಗಳು. ಬರವಣಿಗೆ ಎಲ್ಲದರಲ್ಲೂ ಒಂದೇ, ಊರಿನ ಹೆಸರು ಮಾತ್ರ ಬೇರೆ. ಇದಕ್ಕೆ ತಿಂಗಳು ತಿಂಗಳು ಹಣ ತೆರಬೇಕು. ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ತೀರ್ಮಾನವಾಗಬೇಕಾದ್ದರಿಂದ ನಮ್ಮ ಅಭಿಪ್ರಾಯವನ್ನು ಮುಂಚಿತವಾಗಿಯೇ ತಮ್ಮ ಮುಂದಿಡುತ್ತಿದ್ದೇವೆ. ಈ ಯೋಜನೆ ಬೇಡ. ಇದರ ಬದಲು ಎಂಟು ಸರಕಿಗೆ ಎಂಟೇ ಪುಟಗಳಿರಲಿ, ಆದರೆ ಅವುಗಳಲ್ಲಿ ಹುರುಳಿರಲಿ ಎಂಬುದೇ ಆ ಅಭಿಪ್ರಾಯ.

ಪಶ್ಚಿಮ ಬೆಂಗಳೂರನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಘಟ್ಟದ ಸರಕು ಬೆಂಗಳೂರಿಗೆ ಕಾಲಿಡುವುದೇ ಆ ಕಡೆಯಿಂದ. ಹಾಸನ, ಚಿಕ್ಕಮಗಳೂರು ಕಡೆಯವರು ನೆಲಮಂಗಲ ದಾಟಿ ಯಶವಂತಪುರ, ರಾಜಾಜಿನಗರಕ್ಕೆ ಬರುತ್ತಾರೆ. ಕೊಡಗಿನವರು ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಮೇಲೆ ಬರುತ್ತಾರೆ. ನಮ್ಮ ಊರುಗಳಿಂದ ಓದಿಗೂ ಕೆಲಸಕ್ಕೂ ಹೋಗಿ ಅಲ್ಲಿಯೇ ನೆಲೆಸಿದ ಕುಟುಂಬಗಳೂ ಆ ಬಡಾವಣೆಗಳಲ್ಲಿ ಉಂಟು. ಮನೆಯಲ್ಲಿ ಫಿಲ್ಟರ್ ಇಟ್ಟುಕೊಂಡು ಬೆಳಿಗ್ಗೆ ಡಿಕಾಕ್ಷನ್ ಇಳಿಸುವ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ. ಆದುದರಿಂದ ಗಿರಾಕಿಯ ಬಗ್ಗೆ ನಮಗೆ ತಕರಾರಿಲ್ಲ. ಅವನನ್ನು ಮುಟ್ಟುವ ದಾರಿಯ ಬಗ್ಗೆ ಮಾತ್ರ ನಮ್ಮ ತಕರಾರು.

ಗೂಗಲ್ ಏನು ಮಾಡುತ್ತದೆ?

ಗೂಗಲ್‌ನ ಯಂತ್ರ ಮಾಡುವುದು ಮೂರು ಕೆಲಸ. ಮೊದಲು ಜಾಲತಾಣಗಳ ಪುಟಗಳನ್ನು ಒಂದೊಂದಾಗಿ ಓದುತ್ತದೆ. ಎರಡನೆಯದಾಗಿ, ಇಟ್ಟುಕೊಳ್ಳಲು ಯೋಗ್ಯವೆಂದು ಕಂಡವುಗಳನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುತ್ತದೆ. ಮೂರನೆಯದಾಗಿ, ಯಾರಾದರೂ ಏನನ್ನಾದರೂ ಹುಡುಕಿದಾಗ ತಕ್ಕ ಪುಟಗಳನ್ನು ಆರಿಸಿ ಸಾಲಾಗಿ ನಿಲ್ಲಿಸುತ್ತದೆ. ಜಾಹೀರಾತಿನ ಸಾಲು ಬೇರೆ, ಅದಕ್ಕೆ ಹಣ ಕೊಡಬೇಕು. ಆದರೆ ಸಾಮಾನ್ಯ ಸಾಲಿನಲ್ಲಿ ಮೇಲಕ್ಕೆ ಏರಿಸಲು ತಾನು ಹಣ ಪಡೆಯುವುದಿಲ್ಲವೆಂದೂ, ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದೂ ಗೂಗಲ್ ತಾನೇ ಸ್ಪಷ್ಟಪಡಿಸಿದೆ. ಭರವಸೆ ಕೊಡುವವರೊಡನೆ ವ್ಯವಹರಿಸುವಾಗ ಈ ಒಂದು ಮಾತು ನೆನಪಿನಲ್ಲಿದ್ದರೆ ಸಾಕು.

ಹೆಸರು, ಬೆಲೆ, ಒಂದು ಚಿತ್ರ, "ಉತ್ತಮ ಗುಣಮಟ್ಟದ ಶುದ್ಧ ಮಲೆನಾಡ ಕಾಫಿ, ಈಗಲೇ ಕೊಳ್ಳಿರಿ" ಎಂಬ ಒಂದು ಸಾಲು. ನಮ್ಮ ಕಡೆಯ ಎಷ್ಟೋ ಅಂಗಡಿಗಳ ಪುಟಗಳಲ್ಲಿ ಇರುವುದು ಇಷ್ಟೇ. ಇದನ್ನು ಟೊಳ್ಳು ಪುಟವೆನ್ನಬಹುದು. ಈ ಸಾಲನ್ನು ಯಾವ ಕಾಫಿಗೂ ಅಂಟಿಸಬಹುದು. ನೂರು ಅಂಗಡಿಗಳು ಅಂಟಿಸಿಯೂ ಇವೆ. ಒಂದೇ ಬರವಣಿಗೆ ಹತ್ತು ಕಡೆ ಇದ್ದರೆ ಯಂತ್ರ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬದಿಗಿಡುತ್ತದೆ. ಬದಿಗೆ ಬೀಳುವುದು ಸಣ್ಣ ಅಂಗಡಿಯೇ ಎಂದು ಬೇರೆ ಹೇಳಬೇಕಾಗಿಲ್ಲ.

2011ರ ಫೆಬ್ರವರಿಯಲ್ಲಿ ಗೂಗಲ್ ಇಂಥ ಟೊಳ್ಳು ಪುಟಗಳನ್ನು ಕೆಳಕ್ಕೆ ತಳ್ಳುವಂತೆ ತನ್ನ ಲೆಕ್ಕಾಚಾರವನ್ನು ಬದಲಿಸಿತು. ಪಾಂಡಾ ಎಂಬ ಹೆಸರಿನ ಈ ಬದಲಾವಣೆಯಿಂದ ಅಮೆರಿಕದಲ್ಲಿ ನೂರಕ್ಕೆ ಸುಮಾರು 12 ಹುಡುಕಾಟಗಳ ಫಲಿತಾಂಶ ಬದಲಾಯಿತೆಂದು ಆಗ ಸಂಸ್ಥೆಯೇ ಪ್ರಕಟಿಸಿತು. 2024ರ ಮಾರ್ಚಿನಲ್ಲಿ, ಯಂತ್ರದಿಂದಾಗಲಿ ಆಳುಗಳಿಂದಾಗಲಿ ರಾಶಿರಾಶಿಯಾಗಿ ಬರೆಸಿ ತುಂಬುವ ಪುಟಗಳ ವಿರುದ್ಧವೂ ನಿಯಮ ಬಂದಿತು. ಊರಿನ ಹೆಸರು ಮಾತ್ರ ಬದಲಿಸಿ ಮಾಡುವ ಪುಟಗಳಂತೂ ಬಹಳ ಹಿಂದಿನಿಂದಲೇ ನಿಷಿದ್ಧ. ಗಿರಾಕಿಯನ್ನು ಹಿಡಿದು ಒಳಗೆ ತಳ್ಳುವುದಷ್ಟೇ ಅವುಗಳ ಕೆಲಸವಾದ್ದರಿಂದ ಅವಕ್ಕೆ ಬಾಗಿಲು ಪುಟಗಳೆಂದು ಹೆಸರಿಟ್ಟಿದ್ದಾರೆ. ನಮ್ಮ ಮುಂದಿರುವ 32 ಪುಟಗಳ ಯೋಜನೆ ಇದೇ ಜಾತಿಯದು. ಹಣವನ್ನೂ ಕೊಟ್ಟು, ಈಗಿರುವ ಅಲ್ಪ ಸ್ಥಾನವನ್ನೂ ಕಳೆದುಕೊಳ್ಳುವ ವ್ಯಾಪಾರವಿದು.

ಕೈಗೆ ಸಿಗದ ಸರಕು

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, 1939ರ ಶಿವಮೊಗ್ಗದ ಮ್ಯಾಮ್‌ಕೋಸ್, 1973ರ ಮಂಗಳೂರಿನ ಕ್ಯಾಂಪ್ಕೋ ಮೊದಲಾದ ಸಂಸ್ಥೆಗಳು ಬೆಳೆಗಾರನಿಗೆ ಮಾಡಿದ ದೊಡ್ಡ ಉಪಕಾರವೆಂದರೆ, ಅವನ ಸರಕನ್ನು ದರ್ಜೆಗೆ ತಕ್ಕಂತೆ ನೋಡಿ ಬೆಲೆ ಕಟ್ಟುವ ಏರ್ಪಾಡು. ಟೆಂಡರಿಗೆ ಬಂದ ಖರೀದಿದಾರ ರಾಶಿಯ ಮುಂದೆ ನಿಲ್ಲುತ್ತಾನೆ, ಕೈಯಾಡಿಸುತ್ತಾನೆ, ಅಡಿಕೆಯನ್ನು ಒಡೆದು ಒಳಗಿನ ಬಣ್ಣ ನೋಡುತ್ತಾನೆ, ಒಣಗಿದ್ದು ಸಾಕೇ ಎಂದು ಪರೀಕ್ಷಿಸುತ್ತಾನೆ. ಆಮೇಲೆ ಚೀಟಿಯಲ್ಲಿ ದರ ಬರೆಯುತ್ತಾನೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬೇರೆ ಬೇರೆ ಬೆಲೆ ಬರುವುದು ಈ ನೋಟದಿಂದಲೇ. "ಉತ್ತಮ ಅಡಿಕೆ" ಎಂದು ಚೀಲದ ಮೇಲೆ ಬರೆದು ಬಾಯಿ ಕಟ್ಟಿಟ್ಟರೆ ಯಾರು ತಾನೇ ದರ ಬರೆದಾರು?

ಅಂತರ್ಜಾಲದ ಅಂಗಡಿಯಲ್ಲಿ ಚೀಲದ ಬಾಯಿ ಯಾವಾಗಲೂ ಕಟ್ಟಿಯೇ ಇರುತ್ತದೆ. ಗಿರಾಕಿ ಮುಟ್ಟುವಂತಿಲ್ಲ, ಮೂಸುವಂತಿಲ್ಲ. ಅವನಿಗೆ ಸಿಗುವುದು ಪುಟದಲ್ಲಿನ ಬರವಣಿಗೆ ಮತ್ತು ಚಿತ್ರ ಮಾತ್ರ. ಯಂತ್ರಕ್ಕೂ ಮುಖ್ಯವಾಗಿ ಸಿಗುವುದು ಅದೇ.

ಕಾಫಿಯದೂ ಇದೇ ಕಥೆ. ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಕಾಫಿ ಪುಡಿ ಮಾಡಿ ಕೊಡುವ ಅಂಗಡಿಯ ಮುಂದೆ ನಿಂತ ಗೃಹಿಣಿ ಏನು ಕೇಳುತ್ತಾರೆ? ಪೀಬೆರಿ ಎಷ್ಟು, ಪ್ಲಾಂಟೇಶನ್ ಎ ಎಷ್ಟು, ರೋಬಸ್ಟಾ ಸೇರಿಸಿದ್ದೀರಾ, ಚಿಕೋರಿ ಎಷ್ಟು ಹಾಕುತ್ತೀರಿ, ಇವತ್ತು ಹುರಿದದ್ದೇ, ಫಿಲ್ಟರಿಗೆ ತರಿ ಸರಿಯಾಗಿದೆಯೇ? ಅಂಗಡಿಯವರು ಒಂದೊಂದಕ್ಕೂ ಉತ್ತರ ಕೊಟ್ಟು, ಕಣ್ಣ ಮುಂದೆಯೇ ಬೀಸಿ ಕೊಡುತ್ತಾರೆ. ಇದೇ ಗೃಹಿಣಿ ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುವಾಗಲೂ ಇವೇ ಪ್ರಶ್ನೆಗಳನ್ನು ಹಾಕುತ್ತಾರೆ: "ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಪುಡಿ", "ಪೀಬೆರಿ ಕಾಫಿ ಪುಡಿ ಬಸವೇಶ್ವರನಗರ". ಬರಿಯ "ಕಾಫಿ ಪುಡಿ" ಎಂದು ಹುಡುಕಿದವರಿಗೆ ದೊಡ್ಡ ಕಂಪೆನಿಗಳೇ ಮೊದಲು ಕಾಣುವ ಸಂಭವ ಹೆಚ್ಚು, ಅಲ್ಲಿ ನಾವು ಸೆಣಸಿ ಫಲವಿಲ್ಲ. ಆದರೆ ಬಿಡಿಸಿ ಕೇಳಿದ ಪ್ರಶ್ನೆಗೆ ಬಿಡಿಸಿ ಬರೆದ ಉತ್ತರ ನಮ್ಮ ಪುಟದಲ್ಲಿದ್ದರೆ ಅಲ್ಲಿ ನಮಗೂ ಸ್ಥಾನ ಸಿಕ್ಕೀತು.

ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. 1942ರ ಕಾಫಿ ಕಾಯಿದೆಯಡಿ ನಮ್ಮ ಹಿರಿಯರು ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. ಅಲ್ಲಿ ದರ್ಜೆಯ ಪ್ರಕಾರ ಎಲ್ಲರ ಕಾಫಿಯೂ ಒಂದಾಗುತ್ತಿತ್ತು. ಯಾವ ತೋಟದ್ದು, ಯಾರು ಬೆಳೆದದ್ದು ಎಂಬುದು ಕೊಳ್ಳುವವನನ್ನು ತಲುಪುತ್ತಿರಲಿಲ್ಲ. ತನ್ನ ಕಾಫಿಯನ್ನು ವರ್ಣಿಸುವ ಕೆಲಸ ಬೆಳೆಗಾರನಿಗೆ ಬೀಳಲೇ ಇಲ್ಲ. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಮಾರುವ ಸ್ವಾತಂತ್ರ್ಯ ಬಂದಿತು, ಆದರೆ ಹೇಳಿಕೊಳ್ಳುವ ಅಭ್ಯಾಸ ಇನ್ನೂ ಬಂದಿಲ್ಲ. ನಾವು ಹೇಳದೆ ಬಿಟ್ಟದ್ದನ್ನು ನಮ್ಮಿಂದ ಕೊಂಡವನು ಹೇಳುತ್ತಾನೆ. ಬೆಲೆಯ ಹೆಚ್ಚಳವೂ ಅವನ ಪಾಲಾಗುತ್ತದೆ.

ಪುಟದಲ್ಲಿ ಏನಿರಬೇಕು?

ಕಾಫಿಯ ಪುಟದಲ್ಲಿ ಮೊದಲು ತೋಟವಿರುವ ಊರು, ತಾಲೂಕು, ಸಮುದ್ರಮಟ್ಟದಿಂದ ಎತ್ತರ ಇರಬೇಕು. ಅರೇಬಿಕಾವೋ ರೋಬಸ್ಟಾವೋ, ಅರೇಬಿಕಾ ಆದರೆ ಸೆಲೆಕ್ಷನ್ 795ರಂಥ ಯಾವ ತಳಿ ಎಂಬುದು ಇರಬೇಕು. ಹಣ್ಣನ್ನು ಪಲ್ಪ್ ಮಾಡಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟೋ, ಇಡೀ ಹಣ್ಣನ್ನೇ ಒಣಗಿಸಿದ ಚೆರಿಯೋ, ಯಾವ ತಿಂಗಳು ಕುಯ್ದದ್ದು ಎಂದು ಬರೆಯಬೇಕು. ಪೀಬೆರಿ ಎಂದರೆ ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ದುಂಡು ಬೀಜ ಕಟ್ಟಿದ್ದು ಎಂಬುದು ನಮಗೆ ಮಾಮೂಲು. ಕೆಂಗೇರಿಯ ಫ್ಲಾಟಿನಲ್ಲಿರುವ ಯುವ ದಂಪತಿಗಳಿಗೆ ಅದು ಹೊಸ ವಿಷಯ. ನಮಗೆ ತಿಳಿದದ್ದು ಎಲ್ಲರಿಗೂ ತಿಳಿದಿದೆ ಎಂದು ಬಿಟ್ಟುಬಿಡುವುದರಿಂದಲೇ ಪುಟ ಟೊಳ್ಳಾಗುತ್ತದೆ. ಬಳಿಕ ಹುರಿದ ಹದ, ಪುಡಿಯ ತರಿ, ಎಷ್ಟು ಜನಕ್ಕೆ ಎಷ್ಟು ಚಮಚ, ಪೊಟ್ಟಣ ಒಡೆದ ಮೇಲೆ ಇಡುವ ಬಗೆ.

ಚಿಕೋರಿ ಬೆರೆಸಿದ್ದರೆ ಮುಚ್ಚಿಡಬಾರದು. ಕಾಫಿ ಚಿಕೋರಿ ಮಿಶ್ರಣದಲ್ಲಿ ತೂಕದ ಪ್ರಕಾರ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂದೂ, ಎರಡರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಪೊಟ್ಟಣದ ಮೇಲಿರುವುದನ್ನು ಪುಟದಲ್ಲಿಯೂ ಬರೆದರೆ ನಷ್ಟವೇನು? ಎಂಬತ್ತಕ್ಕೆ ಇಪ್ಪತ್ತು ಬೇಕೆನ್ನುವ ಗಿರಾಕಿಯೂ ಇದ್ದಾನೆ, ಚಿಕೋರಿ ಸುತರಾಂ ಬೇಡವೆನ್ನುವವನೂ ಇದ್ದಾನೆ. ಇಬ್ಬರೂ ಹುಡುಕುವುದು ಆ ಸಂಖ್ಯೆಯನ್ನೇ.

ತೂಕ ಮತ್ತು ಅಳತೆಗೆ ಸಂಬಂಧಿಸಿದ ಪೊಟ್ಟಣ ನಿಯಮಗಳ ಪ್ರಕಾರ 2018ರ ಜನವರಿ 1ರಿಂದ ಅಂತರ್ಜಾಲದ ಅಂಗಡಿಯ ಪುಟದಲ್ಲಿಯೂ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳುವ ವಿಳಾಸ ಮೊದಲಾದವು ಕಾಣಬೇಕು. ಪೊಟ್ಟಣ ಕಟ್ಟಿದ ತಿಂಗಳನ್ನು ಮಾತ್ರ ಪುಟದಲ್ಲಿ ಕಾಣಿಸಲೇಬೇಕೆಂದಿಲ್ಲ. ಕಾಯಿದೆ ಬಿಟ್ಟರೂ ನಾವು ಬಿಡಬಾರದು. ಹುರಿದ ದಿನಾಂಕವೇ ತಾಜಾ ಕಾಫಿಯ ಸಾಕ್ಷಿ.

ಅಡಿಕೆಯ ಪುಟದಲ್ಲಿ ಹಸಿಯಾಗಿ ಸುಲಿದು ಬೇಯಿಸಿ ಒಣಗಿಸಿದ್ದೋ, ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದ ಚಾಲಿಯೋ, ತಾಂಬೂಲಕ್ಕೋ, ಪೂಜೆಗೆ ಬೇಕಾದ ಇಡೀ ಅಡಿಕೆಯೋ ಎಂಬುದನ್ನು ಬಿಡಿಸಿ ಹೇಳಬೇಕು. ಔಷಧವೆಂದೋ ರೋಗಹರವೆಂದೋ ಬರೆಯಕೂಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಆ ವಾದ ನಡೆಯಬೇಕಾದ ಸ್ಥಳ ಬೇರೆ, ಮಾರಾಟದ ಪುಟ ಬೇರೆ. ಕಾಳುಮೆಣಸಿಗೆ ಲೀಟರ್ ತೂಕ ಬರೆಯಬೇಕು. ಹಾಳೆ ತಟ್ಟೆಗೆ ಎಷ್ಟು ಅಂಗುಲ, ಕಟ್ಟಿನಲ್ಲಿ ಎಷ್ಟು, ಸಾರು ಬಡಿಸಿದರೆ ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನು ಬರೆಯಬೇಕು. ಬಸವೇಶ್ವರನಗರದ ಮನೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡವರು ಕೇಳುವುದು ಇದನ್ನೇ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಶಿರಸಿ ಸುಪಾರಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಹೆಸರುಗಳನ್ನು ಬಳಸುವ ಹಕ್ಕು ನೋಂದಾಯಿತ ಬಳಕೆದಾರರದು. ಹುಡುಕಾಟದಲ್ಲಿ ಬರಲೆಂದು ಕಂಡಕಂಡ ಪುಡಿಗೆ ಆ ಹೆಸರು ಅಂಟಿಸುವುದು ಅಪರಾಧ. ಅರ್ಹತೆಯುಳ್ಳ ಬೆಳೆಗಾರ ನೋಂದಾಯಿಸಿಕೊಳ್ಳದೆ ಸುಮ್ಮನಿರುವುದು ಅವಿವೇಕ.

ಕೆಲವು ಸಣ್ಣ ಸೂಚನೆಗಳೂ ಇವೆ. ಒಂದೇ ಪುಡಿಯ ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳಿಗೆ ಮೂರು ಪುಟ ಬೇಡ. ಒಂದೇ ಪುಟದಲ್ಲಿ ತೂಕ ಆರಿಸಿಕೊಳ್ಳುವಂತಿರಲಿ. ದಾಸ್ತಾನು ಮುಗಿದರೆ ಪುಟವನ್ನು ಕಿತ್ತುಹಾಕದೆ "ಮುಂದಿನ ಕುಯ್ಲಿನ ನಂತರ ದೊರೆಯುವುದು" ಎಂದು ಬರೆದಿಡಿ. ವರ್ಷಗಟ್ಟಲೆ ನಿಂತ ಪುಟಕ್ಕೆ ಗುರುತು ಇರುತ್ತದೆ. ವಿವರಗಳನ್ನೆಲ್ಲ ಚಿತ್ರದೊಳಗೆ ಅಚ್ಚು ಮಾಡಿಬಿಡಬೇಡಿ, ಅಕ್ಷರದಲ್ಲಿಯೇ ಬರೆಯಿರಿ. ಇಷ್ಟೇ ಪದವಿರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ, ಆದುದರಿಂದ ನೀರು ಬೆರೆಸಿ ಉದ್ದ ಮಾಡುವುದೂ ಬೇಡ. ಗಿರಾಕಿಗಳ ಅಭಿಪ್ರಾಯವನ್ನು ಇದ್ದಂತೆಯೇ ಹಾಕಿರಿ, ನೆಂಟರಿಷ್ಟರಿಂದ ಬರೆಸಬೇಡಿ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದೆ. ಯಾವ ಪುಟ ಯಾವ ಹುಡುಕಾಟಕ್ಕೆ ಕಂಡಿತೆಂದು ನೋಡಿಕೊಳ್ಳಲು ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತವಾಗಿಯೇ ದೊರೆಯುತ್ತದೆ.

ನಾಲ್ಕು ಬಡಾವಣೆಗಳ ಮಾತು? ಅದಕ್ಕೆ ಒಂದೇ ಪುಟ ಸಾಕು. ಯಾವ ಬಡಾವಣೆಗೆ ವಾರದ ಯಾವ ದಿನ ಸರಬರಾಜು, ಸಾಗಣೆ ಖರ್ಚೆಷ್ಟು, ಎಷ್ಟು ಕೊಂಡರೆ ಖರ್ಚಿಲ್ಲ ಎಂಬುದನ್ನು ಅಲ್ಲಿ ನಿಜವಾಗಿ ಬರೆದರೆ ನಾಲ್ಕೂ ಹೆಸರುಗಳು ತಾವಾಗಿಯೇ ಬರುತ್ತವೆ. ನಾಳೆ ಸಂಘ ರಾಜಾಜಿನಗರದಲ್ಲಿ ಒಂದು ಮಾರಾಟ ಕಟ್ಟೆಯನ್ನು ತೆರೆದರೆ ಅದನ್ನು ಗೂಗಲ್ ನಕ್ಷೆಯಲ್ಲಿ ನಮೂದಿಸುವುದು ನ್ಯಾಯ. ಇಲ್ಲದ ಅಂಗಡಿಗೆ ಯಾರದೋ ವಿಳಾಸ ಕೊಡುವುದು ಸಲ್ಲದು.

ಬರೆಯುವವರು ಯಾರು?

"ಇದೆಲ್ಲ ಸರಿ, ಐದಾರು ಎಕರೆಯವನಿಗೆ ಬರೆಯುತ್ತ ಕೂರಲು ಪುರಸೊತ್ತೆಲ್ಲಿ? ಪುಟ ಬರೆದ ಮಾತ್ರಕ್ಕೆ ಮೂಟೆ ಖಾಲಿಯಾಗುವುದೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಬೆಳೆಯ ದೊಡ್ಡ ಭಾಗ ಇಂದಿಗೂ ಕ್ಯೂರಿಂಗ್ ವರ್ಕ್ಸಿಗೆ, ವ್ಯಾಪಾರಿಗೆ, ಟೆಂಡರಿಗೆ ಹೋಗುತ್ತದೆ, ಮುಂದೆಯೂ ಹೋಗುತ್ತದೆ. ಒಳ್ಳೆಯ ಪುಟ ಬರೆದ ಮರುದಿನವೇ ಗಿರಾಕಿಗಳು ಸಾಲುಗಟ್ಟುವುದಿಲ್ಲ, ತಿಂಗಳುಗಳೇ ಹಿಡಿದಾವು. ರುಚಿ ಕೆಟ್ಟ ಕಾಫಿಯನ್ನು ಯಾವ ಪುಟವೂ ಎರಡನೆಯ ಸಲ ಮಾರಿಕೊಡದು. ಆದರೆ ಸರಕು ಚೆನ್ನಾಗಿದ್ದೂ ಹೇಳದೆ ಹೋದ ಕಾರಣಕ್ಕೆ ಗಿರಾಕಿ ಬೇರೆಡೆಗೆ ಹೋದರೆ ಆ ನಷ್ಟ ತಪ್ಪಿಸಬಹುದಾದದ್ದು.

ಬರೆಯುವ ಭಾರವನ್ನು ಒಬ್ಬೊಬ್ಬ ಬೆಳೆಗಾರನ ಮೇಲೆ ಹೊರಿಸುವುದು ಬೇಡ. ಸಹಕಾರ ಸಂಘ ಇರುವುದೇ ಇದಕ್ಕೆ. ತಿಂಗಳ ಹಣವನ್ನು ಹೊರಗಿನವರಿಗೆ ಕೊಡುವ ಬದಲು ಈ ಮೂರು ಕ್ರಮಗಳನ್ನು ಸಭೆ ಒಪ್ಪಬೇಕೆಂದು ನಮ್ಮ ಸೂಚನೆ. ಮೊದಲನೆಯದಾಗಿ, ಸರಕು ಒಪ್ಪಿಸುವಾಗ ಪ್ರತಿ ಸದಸ್ಯರೂ ಒಂದು ಚೀಟಿ ತುಂಬಿ ಕೊಡುವುದು: ಊರು, ಎತ್ತರ, ತಳಿ, ನೆರಳಿನ ಮರ, ಕುಯ್ದ ತಿಂಗಳು, ಒಣಗಿಸಿದ ಬಗೆ. ಕನ್ನಡದಲ್ಲಿಯೇ, ತಮ್ಮ ಮಾತಿನಲ್ಲಿಯೇ ಬರೆದರೆ ಸಾಕು. ಎರಡನೆಯದಾಗಿ, ಸದಸ್ಯರ ಮನೆಯ ಓದಿದ ಮಕ್ಕಳಲ್ಲಿ ಇಬ್ಬರಿಗೆ ತಕ್ಕ ಸಂಭಾವನೆ ಕೊಟ್ಟು, ಆ ಚೀಟಿಗಳಿಂದ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪುಟ ಬರೆಸುವುದು. ಮೂರನೆಯದಾಗಿ, ಪ್ರತಿ ವರ್ಷ ರೋಬಸ್ಟಾ ಕುಯ್ಲು ಮುಗಿದ ಮೇಲೆ ಎಲ್ಲ ಪುಟಗಳನ್ನೂ ಒಮ್ಮೆ ಓದಿ ತಿದ್ದುವುದು. ಹಳೆಯ ಬೆಲೆ, ಹಳೆಯ ಬೆಳೆಯ ವರ್ಣನೆ ಉಳಿದುಕೊಂಡರೆ ನಂಬಿಕೆ ಹೋಗುತ್ತದೆ.

ತೋಟದ ವಿವರ ತೋಟದವನಿಗಲ್ಲದೆ ಬೇರೆಯವರಿಗೆ ತಿಳಿಯದು. ದೊಡ್ಡ ಕಂಪೆನಿಯ ಬಳಿ ಹಣವಿದೆ, ಜಾಹೀರಾತಿದೆ; ಆದರೆ ಈ ಪುಡಿ ಯಾವ ಇಳಿಜಾರಿನ, ಯಾವ ಮರದ ನೆರಳಿನ, ಯಾವ ತಿಂಗಳ ಹಣ್ಣಿನದು ಎಂದು ಹೇಳಬಲ್ಲವರು ನಾವು. ಇದೊಂದೇ ನಮ್ಮ ಕೈಯಲ್ಲಿರುವ ಬಲ. ಅದನ್ನು ಎರವಲು ಸಾಲುಗಳ ಹಿಂದೆ ಮುಚ್ಚಿಟ್ಟು, ಮೇಲೆ ದುಡ್ಡನ್ನೂ ಕೊಡುವುದು ತರವಲ್ಲ.

ಸದಸ್ಯರು ಈ ವಿಷಯವನ್ನು ಮನೆಯ ಕಿರಿಯರೊಡನೆ ಚರ್ಚಿಸಿ, ಸಭೆಗೆ ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ. ಚೀಟಿಯ ಮಾದರಿ ಸಂಘದ ಕಚೇರಿಯಲ್ಲಿ ದೊರೆಯುತ್ತದೆ.

ಕಾರ್ಯದರ್ಶಿ